ಜೀತದ ನೆನಪಿಗೊಂದು ದಿನ

ಭಾನುವಾರ ಬೆಳಿಗ್ಗೆ ಎಂಟಕ್ಕೆ ವಿದ್ಯಾನಗರದಿಂದ ಆಟೋ ಹಿಡಿದು ಶಿವಮೊಗ್ಗದ ಖಾಸಗಿ ಬಸ್ ನಿಲ್ದಾಣಕ್ಕೆ ಬಂದೆ. ಭದ್ರಾವತಿಗೆ ಮೂವತ್ತು ರೂಪಾಯಿ ಟಿಕೆಟ್, ಮುಕ್ಕಾಲು ಗಂಟೆ ದಾರಿ. ಇಷ್ಟು ಹತ್ತಿರವಿದ್ದೂ ರತ್ನಮ್ಮನ ಮನೆಗೆ ನಾನು ಒಮ್ಮೆಯೂ ಹೋಗಿರಲಿಲ್ಲ.

ರತ್ನಮ್ಮನ ತಾಯಿ ಕೆಂಚಮ್ಮ ನಮ್ಮಜ್ಜನ ಮನೆಯಲ್ಲಿ ಜೀತಕ್ಕಿದ್ದಳು. ತಾಯಿಯಿಲ್ಲದ ನನ್ನನ್ನು ಬೆಳೆಸಿದವಳು ಅವಳೇ. ಅರವತ್ತು ದಾಟಿದ ಮೇಲೂ, ಜ್ವರ ಬಂದರೆ ಹಣೆಗೆ ಅವಳ ಒರಟು ಅಂಗೈ ಬೇಕೆನಿಸುತ್ತದೆ. ಜೀತದಲ್ಲಿ ಸವೆದವರ ನೆನಪಿಗೆ ದೇಶಕ್ಕೊಂದು ದಿನ ಬೇಕೇ ಎಂದು ಅಂದು ಮಧ್ಯಾಹ್ನ ಶಿವಮೊಗ್ಗದಲ್ಲಿ ಚರ್ಚೆಯಿತ್ತು. ಕೆಂಚಮ್ಮನ ಬಗ್ಗೆ ಮಾತನಾಡಲು ಒಪ್ಪಿಕೊಂಡಿದ್ದೆ. ಅವಳ ಮಗಳನ್ನು ಕೇಳದೆ ಮಾತನಾಡಲು ಮನಸ್ಸಾಗಲಿಲ್ಲ.

ಭದ್ರಾವತಿಯಲ್ಲಿ ಇಳಿದಾಗ ಬಿಸಿಲು ಚುರುಗುಟ್ಟುತ್ತಿತ್ತು. ಕಾರ್ಖಾನೆಯ ಹಳೇ ಕ್ವಾರ್ಟರ್ಸ್ ಹತ್ತಿರ ವಿಚಾರಿಸಿದರೆ ಒಬ್ಬಾಕೆ ತಮಿಳು ಬೆರೆಸಿ, “ನೇರಾ ಪೋಂಗಮ್ಮಾ, ನೀಲಿ ಬಾಗ್ಲು” ಎಂದು ಕೈ ತೋರಿಸಿದಳು.

ರತ್ನಮ್ಮ ನನ್ನ ವಾರಿಗೆಯವಳು. ಬಿಸಿ ಅವಲಕ್ಕಿ, ಟೀ ಕೊಟ್ಟಳು. ಕೆಂಚಮ್ಮ ದಿನಾ ನನ್ನ ತಲೆ ಬಾಚುತ್ತಿದ್ದುದನ್ನು, ಕೈತುತ್ತು ಕೊಟ್ಟದ್ದನ್ನು ಹೇಳುತ್ತ ಹೋದೆ. ಅವಳು ನನ್ನ ಲೋಟಕ್ಕೆ ಇನ್ನಷ್ಟು ಟೀ ಸುರಿದಳು.

“ನನ್ ತಲೆ ಬಾಚಿದ್ದು ಅಜ್ಜಿ. ಅವ್ವ ಯುಗಾದಿಗೊಂದ್ಸಲ ಬರೋಳು. ಬಂದೋಳು ನಿದ್ದೆ ಹೋಗ್ಬಿಡೋಳು. ಪಕ್ಕದಲ್ಲಿ ಕೂತು ಮುಖ ನೋಡ್ತಿದ್ದೆ.”

ಅವಲಕ್ಕಿ ತಟ್ಟೆಯನ್ನು ಕೆಳಗಿಟ್ಟೆ. ಕೆಂಚಮ್ಮನಿಗೆ ಮಗಳಿದ್ದಾಳೆಂದು ಚಿಕ್ಕಂದಿನಲ್ಲಿ ನನಗೆ ಗೊತ್ತಿತ್ತು. ಆ ಮಗಳ ಹತ್ತಿರ ಯಾರಿದ್ದಾರೆ ಎಂದು ಮಾತ್ರ ಕೇಳಿರಲಿಲ್ಲ.

“ಹಾಗಾದ್ರೆ ನಾನು ಮಾತಾಡೋದು ಬೇಡ್ವಾ?” ಎಂದೆ.

“ನೀವ್ಯಾಕೆ? ನಾನೇ ಬರ್ತೀನಿ” ಎಂದು ಸೀರೆ ಬದಲಿಸಲು ಎದ್ದಳು.

ಶಿವಮೊಗ್ಗದ ಸಭೆಯಲ್ಲಿ ಐವತ್ತು ಜನರಿದ್ದರು. ವಕೀಲರೊಬ್ಬರು, “ಮುಗಿದ ಕಥೆ ಕೆದಕಿದ್ರೆ ಊರಿನ ಮನಸ್ಸು ಕೆಡುತ್ತೆ” ಎಂದರು. ನವುಲೆಯಿಂದ ಬಂದಿದ್ದ ವಿದ್ಯಾರ್ಥಿನಿ ಎದ್ದು, “ಮುಗಿದಿದೆ ಅಂತ ಯಾರ್ ಹೇಳಿದ್ದು ಸಾರ್?” ಎಂದಳು. ಗದ್ದಲವಾಯಿತು. ನನ್ನ ಹೆಸರು ಕರೆದಾಗ ಮೈಕನ್ನು ರತ್ನಮ್ಮನಿಗೆ ಕೊಟ್ಟೆ.

“ದಿನ ಮಾಡೋದು ಬಿಡೋದು ನಿಮಗ್ ಬಿಟ್ಟಿದ್ದು. ಮಾಡಿದ್ರೆ ಭಾಷಣ ಬೇಡ. ನಿಮ್ಮನೆ ಕೆಲ್ಸದೋರಿಗೆ ಅವತ್ತು ರಜಾ ಕೊಡಿ. ಅವರ ಮಕ್ಕಳು ಒಂದಿನ ಅವ್ವನ ಜೊತೆ ಇರ್ಲಿ.”

ಯಾರೂ ಚಪ್ಪಾಳೆ ತಟ್ಟಲಿಲ್ಲ. ಚರ್ಚೆ ತೀರ್ಮಾನವಿಲ್ಲದೆ ಮುಗಿಯಿತು.

ಸಂಜೆ ಅವಳನ್ನು ಬಸ್ ಹತ್ತಿಸಿದೆ. ಕಿಟಕಿಯಿಂದ ಬಗ್ಗಿ, “ಅವ್ವ ನಗ್ತಿದ್ಲಾ?” ಎಂದು ಕೇಳಿದಳು.

“ನಗ್ತಿದ್ಲು ರತ್ನಮ್ಮ, ತುಂಬಾ” ಎಂದೆ. ನಿಜವನ್ನೇ ಹೇಳಿದ್ದೆ. ಅವಳಿಗೆ ಸಮಾಧಾನವಾಯಿತೋ, ಇನ್ನಷ್ಟು ನೋವಾಯಿತೋ. ಬಸ್ ಹೊರಟಿತು. ತಿರುವು ದಾಟುವವರೆಗೂ ನೋಡುತ್ತ ನಿಂತೆ. ಅವಳು ತಿರುಗಿ ನೋಡಲಿಲ್ಲ.