ಹೊಳೆದಂಡೆಗೆ ಹೋದ ಮೇಷ್ಟ್ರ ಸಂಘ

ನನಗೆ ಬಾಯಿ ಸ್ವಲ್ಪ ಜಾಸ್ತಿ. ದಾವಣಗೆರೆಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಹೇಳುತ್ತಿದ್ದ ಎಂಬತ್ತರ ದಶಕದ ಆ ಮೊದಲ ವರ್ಷಗಳಲ್ಲಂತೂ ಅದಕ್ಕೆ ಬೀಗವೇ ಇರಲಿಲ್ಲ. ಆಗ ನಮ್ಮ ಭಾಗದ ವಿಜ್ಞಾನ ಶಿಕ್ಷಕರದೊಂದು ಸಂಘವಿತ್ತು. ವರ್ಷಕ್ಕೊಮ್ಮೆ ಪರಿಸರದ ಸಭೆ. ಸಭೆ ಎಂದರೆ ಹಾರ, ಶಾಲು, ಭಾಷಣ, ವಂದನಾರ್ಪಣೆ, ಉಪ್ಪಿಟ್ಟು. ಒಂದು ವರ್ಷ ‘ಗಿಡ ಉಳಿಸಿ’ ಎಂಬ ಭಾಷಣ ಇಟ್ಟುಕೊಂಡು, ಬಾಗಿಲಿಗೆ ಎರಡು ಬಾಳೆಗಿಡ ಕಡಿದು ತಂದು ಕಟ್ಟಿದ್ದರು, ಗೊನೆ ಸಮೇತ! ನನಗೆ ಪಿತ್ತ ನೆತ್ತಿಗೇರಿತು.

“ಓದೋದು ಶಾಸ್ತ್ರ, ಇಕ್ಕೋದು ಗಾಳ ಅಂದ್ರೆ ಇದೇ ನೋಡ್ರಿ. ಹರಿಹರದಾಗೆ ಅಷ್ಟು ದೊಡ್ಡ ಹೊಳೆ ಐತೆ. ಮುಂದಿನ ಸಭೆ ಅಲ್ಲೇ ದಂಡೆ ಮ್ಯಾಲೆ ಮಾಡೋಣ. ಮೊದ್ಲು ನಾವು ಕಣ್ಣು ಬಿಟ್ಟು ನೋಡಿದ್ರೆ ತಾನೆ ಮಕ್ಕಳಿಗೆ ತೋರಿಸೋದು?” ಎಂದು ತುಂಬಿದ ಸಭೆಯಲ್ಲಿ ಅಂದೇಬಿಟ್ಟೆ.

ನಮ್ಮ ಅಧ್ಯಕ್ಷರು ಹಳೆಯ ಹೆಡ್‌ಮಾಸ್ತರು, ಕಚ್ಚೆಪಂಚೆ, ಕರಿಕೋಟು. ಸಂಘದ ನಿಯಮಾವಳಿ ಅವರಿಗೆ ಬಾಯಿಪಾಠ. ಸೂಚಕರು, ಅನುಮೋದಕರು ಇಲ್ಲದೆ ಚಹಾ ಕೂಡ ತರಿಸುತ್ತಿರಲಿಲ್ಲ. “ಆತು ತಾಯಿ, ಒಂದ್ಸಲ ನೋಡೋಣ. ಆದ್ರೆ ಅವತ್ತು ಸಂಜೆ ಮತಕ್ಕೆ ಹಾಕ್ತೀನಿ. ಬಹುಮತ ಬರ್ಲಿಲ್ಲ ಅಂದ್ರೆ ಮತ್ತೆ ಈ ಮಾತು ಎತ್ತಬಾರ್ದು. ಮತ್ತೆ ನಮ್ಮ ಮೀಟಿಂಗ್ ಹಾಲ್, ನಮ್ಮ ಭಾಷಣ” ಎಂದರು. ಸೋತರೆ ನನ್ನ ಶಾಲೆಯ ಮಕ್ಕಳು ಹೊಳೆಯನ್ನು ಪುಸ್ತಕದಲ್ಲೇ ನೋಡಬೇಕು.

ಸುಗ್ಗಿ ಕಾಲದ ಒಂದು ಭಾನುವಾರ ಬಸ್ಸು ಹತ್ತಿದೆವು. ನನ್ನ ಪಕ್ಕದಲ್ಲಿ ನನ್ನ ಗೆಳತಿ, ಉರ್ದು ಶಾಲೆಯ ಟೀಚರು, ನನಗಿಂತ ಚಿಕ್ಕವಳು, ನನ್ನ ಪ್ರಸ್ತಾಪಕ್ಕೆ ಅನುಮೋದಕಳು. ಹಿಂದಿನ ಸೀಟುಗಳಲ್ಲಿ ಆಗಲೇ ಗೊಣಗಾಟ ಶುರುವಾಗಿತ್ತು. “ಭಾನುವಾರನೂ ಬಿಡಲ್ವಲ್ಲಪ್ಪ ಈಯಮ್ಮ!” ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕಟ್ಟಿಸಿಕೊಂಡು ಹೋಗಿದ್ದೆ. ಅದರ ವಾಸನೆಗೇ ಅರ್ಧ ಜನ ಬಂದಿದ್ದರೆಂದು ನನ್ನ ಗುಮಾನಿ.

ದಂಡೆಯ ಮೇಲೆ ಎಲ್ಲರಿಗೂ ಒಂದೊಂದು ಡ್ರಾಯಿಂಗ್ ಹಾಳೆ ಕೊಟ್ಟೆ. “ನಿಮ್ಮ ಕಣ್ಮುಂದೆ ಇರೋ ಒಂದು ಗಿಡದ ಚಿತ್ರ ಬರೀರಿ, ಅಷ್ಟೇ” ಎಂದೆ. ಎಲ್ಲರೂ ತಲೆ ಬಗ್ಗಿಸಿ ಬರೆದರು. ಹಾಳೆ ವಾಪಸು ತೆಗೆದುಕೊಂಡು ನೋಡುತ್ತೇನೆ, ದಾಸವಾಳ! ತಿರುವಿದರೆ ಮತ್ತೆ ದಾಸವಾಳ. ಎಲ್ಲರದೂ ದಾಸವಾಳದ ಹೂವೇ, ನಟ್ಟನಡುವೆ ಸೀಳಿದ್ದು, ಅಂಡಾಶಯ, ಶಲಾಕೆ ಎಂದು ಗೆರೆ ಎಳೆದು ಹೆಸರು ಬರೆದದ್ದು. ವರ್ಷಗಟ್ಟಲೆ ಬೋರ್ಡಿನ ಮೇಲೆ ಬರೆದೂ ಬರೆದೂ ಕೈಗೆ ಅದೇ ಬರುತ್ತಿತ್ತು. ಆ ದಂಡೆಯಲ್ಲಿ ದಾಸವಾಳದ ಗಿಡ ಮದ್ದಿಗೆ ಹುಡುಕಿದರೂ ಇರಲಿಲ್ಲ. ಎಲ್ಲಕ್ಕಿಂತ ಚೆಂದದ ದಾಸವಾಳ ಅಧ್ಯಕ್ಷರದು, ಕೆಳಗೆ ಸ್ಕೇಲಿಟ್ಟು ಗೆರೆ ಬೇರೆ ಹಾಕಿದ್ದರು.

ನನಗೆ ಅಳುವೇ ಬಂತು. ಮುಗೀತು, ಇವರಿಂದ ಮತ ಬಂದ ಹಾಗೇ ಅಂದುಕೊಂಡೆ. ಅಷ್ಟರಲ್ಲಿ ನನ್ನ ಗೆಳತಿ ಹಾಳೆಗಳಿಗೆ ಇಣುಕಿ, “ಯಾ ಅಲ್ಲಾ! ಅಕ್ಕಾ, ಸರ್ ಎದ್ರಿಗೆ ಎಕ್ಕದ ಗಿಡ ಐತಲ್ಲ, ಅದ್ರಾಗೆ ದಾಸವಾಳ ಯಾವಾಗ ಬಿಡ್ತು?” ಎಂದು ನಗತೊಡಗಿದಳು. ಅವಳ ನಗು ಅಂಟುರೋಗ. ಒಬ್ಬರು ಇನ್ನೊಬ್ಬರ ಹಾಳೆ ಕಿತ್ತು ನೋಡಿ ಬಿದ್ದು ಬಿದ್ದು ನಕ್ಕರು. ಅಧ್ಯಕ್ಷರೂ ಕೋಟಿನ ತುದಿಯಿಂದ ಕಣ್ಣು ಒರೆಸಿಕೊಂಡರು.

ಆಮೇಲೆ ನೋಡಬೇಕಿತ್ತು! ನಾಚಿಕೆಗೋ ಹಟಕ್ಕೋ, ಎಲ್ಲರೂ ಎದ್ದು ನಿಜವಾಗಿ ನೋಡಲು ಹೊರಟರು. ಎಕ್ಕದ ಎಲೆಯಡಿ ಪಟ್ಟೆಪಟ್ಟೆಯ ಕಂಬಳಿಹುಳ ಸಿಕ್ಕಿತು. ಅದು ಯಾವ ಚಿಟ್ಟೆಯಾದೀತೆಂದು ಜಗಳ ಹತ್ತಿತು. ಪ್ಯಾಂಟು ಮಡಿಸಿ ಕೆಲವರು ನೀರಿಗಿಳಿದರು. ಕಲ್ಲೆತ್ತಿದರೆ ಏಡಿ, ಜೊಂಡಿನಲ್ಲಿ ಬಸವನಹುಳು. ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು ಮರುಗಿ, “ಏನ್ರಿ, ಯಾರ್ದಾರ ಉಂಗುರ ಬಿದ್ದೈತೇನ್ರಿ?” ಎಂದು ಕೇಳಿದಳು. ಮಂಡಕ್ಕಿಯ ಕಡೆ ಒಬ್ಬರೂ ತಿರುಗಿ ನೋಡಲಿಲ್ಲ.

ಸಂಜೆ ಅಧ್ಯಕ್ಷರು ಹೊಳೆಗಿಳಿಯುವ ಮೆಟ್ಟಿಲ ಮೇಲೆ ನಿಂತು, “ಸಭೆ ಕೂಡ್ರಿ, ಮತಕ್ಕೆ ಹಾಕಬೇಕು” ಎಂದು ಕೂಗಿದರು. ಯಾರೂ ಬರಲಿಲ್ಲ. ಮತ್ತೆ ಕೂಗಿದರು. ಜೊಂಡಿನ ನಡುವಿನಿಂದ, “ಒಂದ್ನಿಮಿಷ ಸರ್, ಮಿಂಚುಳ್ಳಿ ಕುಂತೈತೆ, ಹಾರಿಹೋಗ್ತೈತೆ, ಕೂಗಬ್ಯಾಡ್ರಿ!” ಎಂದು ಯಾರೋ ಗದರಿದರು. ಮೆಟ್ಟಿಲ ಮೇಲೆ ಇದ್ದದ್ದು ಅವರು, ನಾನು, ಗೆಳತಿ. ಕೈ ಎತ್ತುವವರೇ ಇಲ್ಲದಿದ್ದರೆ ಬಹುಮತ ಎಲ್ಲಿಂದ ಬರಬೇಕು? ಎಳೆದು ತರುತ್ತೇನೆಂದು ಸೆರಗು ಸಿಕ್ಕಿಸಿ ಎದ್ದೆ.

“ಕೂಡ್ರಿ ತಾಯಿ” ಎಂದರು ಅಧ್ಯಕ್ಷರು. ಮುಖ ಗಂಭೀರವಾಗಿತ್ತು. “ಸಭೆಗೆ ಬೇಕಾದಷ್ಟು ಜನ ಇಲ್ಲ, ಕೋರಂ ಇಲ್ಲ. ಕೋರಂ ಇಲ್ಲದ ಸಭೆ ಮುಂದಕ್ಕೆ ಹಾಕಬೇಕು. ಮುಂದಕ್ಕೆ ಹಾಕಿದ ಸಭೆ ಅದೇ ಜಾಗದಾಗೆ ಸೇರಬೇಕು ಅಂತ ನಮ್ಮ ನಿಯಮ ಐತೆ. ನಾನೇನು ಮಾಡ್ಲಿ?” ಎಂದು ಪಂಚೆ ಮೇಲಕ್ಕೆತ್ತಿ ಕಟ್ಟಿ, ಮಿಂಚುಳ್ಳಿ ನೋಡಲು ಅವರೂ ಇಳಿದುಹೋದರು. ನಾನೂ ಗೆಳತಿಯೂ ಕೈ ಕೈ ಹಿಡಿದು ಕುಣಿಯುವುದೊಂದು ಬಾಕಿ. ಅಷ್ಟು ಸಂತೋಷವಾಗಿತ್ತು.

ಮತ್ತೆ ಸಭೆ ಸೇರಿದಾಗ ಮಕ್ಕಳೂ ಬಂದರು. ಆಮೇಲೆ ವರ್ಷಗಟ್ಟಲೆ ಅದೇ ದಂಡೆಗೆ ಹೋದೆವು. ಹೋದಾಗಲೆಲ್ಲ ಸಂಜೆ ಅಧ್ಯಕ್ಷರು ತಪ್ಪದೆ ಮತಕ್ಕೆ ಕರೆದರು. ಒಂದು ಸಲವೂ ಕೋರಂ ಆಗಲಿಲ್ಲ.