ಪಾದ್ರಿಯಾಗದ ಹೆರಾಲ್ಡ್

ಕಲ್ಯಾಣಪುರದಲ್ಲಿ ನಮ್ಮ ಮನೆಗೂ ಬರ್ತಾ ಬಾಯಿಯ ಮನೆಗೂ ನಡುವೆ ಇರುವುದು ಒಂದು ಪಾಗಾರದ ಗೋಡೆ ಮಾತ್ರ. ಅವರ ಮಗ ಹೆರಾಲ್ಡ್ ನನ್ನ ಕಣ್ಣೆದುರೇ ಬೆಳೆದವನು. ಅವನನ್ನು ಪಾದ್ರಿ ಮಾಡುತ್ತೇನೆಂದು ಬಾಯಿ ಅವನು ಹುಟ್ಟುವ ಮೊದಲೇ ಹರಕೆ ಹೊತ್ತಿದ್ದರಂತೆ. ಹರಕೆ ತಾಯಿಯದ್ದಾದರೂ ಆಸೆ ಅವನದ್ದೇ ಆಗಿಬಿಟ್ಟಿತ್ತು. ಓರಗೆಯವರೆಲ್ಲ ಕ್ರಿಕೆಟ್ ಆಡುವಾಗ ಇವನು ಬೆಡ್‌ಶೀಟ್ ಹೊದ್ದುಕೊಂಡು, ನಮ್ಮ ಮನೆಯ ನೀರುದೋಸೆಯ ತುಂಡನ್ನು ಎತ್ತಿ ಹಿಡಿದು ಪಾದ್ರಿಯ ಹಾಗೆ ಪೂಜೆ ಮಾಡುತ್ತಿದ್ದ. ನಾನು ಹಿಂದೂ, ಆದರೂ ಪ್ರಸಾದವೆಂದು ನನ್ನ ನಾಲಗೆಯ ಮೇಲೆ ಒಂದು ಚೂರು ಇಡದೆ ಬಿಡುತ್ತಿರಲಿಲ್ಲ.

ದೊಡ್ಡವನಾಗಿ ಪಾದ್ರಿಯಾಗಲು ಕಲಿಯುವ ಸೆಮಿನರಿಗೆ ಹೋದ. ಬಿಳಿ ನಿಲುವಂಗಿ ತೊಟ್ಟು ರಜೆಗೆ ಬಂದರೆ ಬಾಯಿಯ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಇನ್ನೇನು ದೀಕ್ಷೆ ಹತ್ತಿರ ಬಂತು ಎನ್ನುವಾಗ, ಪೂಜೆಯ ನಡುವೆ, ಬಲಿಪೀಠದ ಬುಡದಲ್ಲೇ ಫಿಟ್ಸ್ ಬಂದು ಬಿದ್ದ. ಆಮೇಲೂ ಬಂತು. ಮಣಿಪಾಲದ ಡಾಕ್ಟರು ಜೀವಮಾನವಿಡೀ ಮಾತ್ರೆ ಎಂದರು. ಸೆಮಿನರಿಯ ಮೇಲಿನವರು ಬಹಳ ಪ್ರೀತಿಯಿಂದಲೇ, ಈ ಕಾಯಿಲೆ ಇಟ್ಟುಕೊಂಡು ಪಾದ್ರಿಯಾಗಲಿಕ್ಕಾಗದು, ಮನೆಗೆ ಹೋಗು ಎಂದರು. ಪ್ರೀತಿಯಿಂದ ಹೇಳಿದರೆ ನೋವು ಕಡಿಮೆಯಾಗುತ್ತದೆಯೇ? ನನ್ನ ಆ ಸಿಟ್ಟು ಇನ್ನೂ ಇಳಿದಿಲ್ಲ.

ಬರ್ತಾ ಬಾಯಿ ಅವನಿಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ವಾಸಿ ಇತ್ತು. ಅನ್ನ ಬಡಿಸುವರು, ಮುಖ ನೋಡರು. ಇಗರ್ಜಿಯಲ್ಲಿ ಪೂಜೆ ಮುಗಿದ ಮೇಲೆ ಯಾರಾದರೂ ಮಗನ ಬಗ್ಗೆ ಕೇಳಿದರೆ ಮಾತು ತಿರುಗಿಸುವರು. ಅವನು ಬಾಗಿಲು ಹಾಕಿಕೊಂಡು ಅಳುವುದು ನಮ್ಮ ಅಡುಗೆಮನೆಗೆ ಕೇಳುತ್ತಿತ್ತು. ಒಂದು ದಿನ ತಡೆಯಲಾರದೆ ಅವನನ್ನು ಪಾಗಾರದ ಬಳಿ ಕರೆದು ಗದರಿಸಿದೆ. ಕೆಮ್ಮಣ್ಣು ಊರಿನ ಮುದುಕ ವಲೇರಿಯನ್ ಪೊರ್ಬು ಲಕ್ವ ಹೊಡೆದು ಮಲಗಿದ್ದಾರೆ, ಗಡ್ಡ ತೆಗೆಯಲಿಕ್ಕೂ ಜನ ಇಲ್ಲ, ಹೋಗಿ ಅದನ್ನಾದರೂ ಮಾಡು ಎಂದೆ.

“ಸುಗಂಧಿಯಕ್ಕ, ನನ್ನಿಂದ ಇನ್ನು ಎಂತ ಆಗ್ತದೆ?” ಎಂದ.

“ಗಡ್ಡ ತೆಗೆಯಲಿಕ್ಕೆ ದೀಕ್ಷೆ ಬೇಡ ಮಾರಾಯ,” ಎಂದೆ.

ಹೋದ. ಗಡ್ಡ ತೆಗೆದ, ಮೈ ಒರೆಸಿದ, ಬೆನ್ನಿನ ಹುಣ್ಣು ತೊಳೆದ. ಮರುದಿನ ಯಾರೂ ಹೇಳದೆಯೇ ಹೋದ. ಈಗ ಅದೇ ಅವನ ಉದ್ಯೋಗ. ಕಾಪುವಿನವರೆಗೂ ಬಸ್ಸಿನಲ್ಲಿ ಹೋಗಿ ಹಾಸಿಗೆ ಹಿಡಿದವರ ಚಾಕರಿ ಮಾಡಿ ಬರುತ್ತಾನೆ. ಖುಷಿಯಾಗಿದ್ದಾನೆ ಎಂದು ನಾನು ಸುಳ್ಳು ಹೇಳಲಾರೆ. ಯಾರದಾದರೂ ದೀಕ್ಷೆಯ ಸುದ್ದಿ ಕಿವಿಗೆ ಬಿದ್ದ ದಿನ ಇಂದಿಗೂ ಅವನಿಗೆ ಊಟ ಸೇರುವುದಿಲ್ಲ. ಆದರೆ ಬೆಳಗ್ಗೆ ಎದ್ದರೆ ದಾರಿ ಕಾಯುವ ಒಂದು ಮನೆ ಅವನಿಗೆ ಉಂಟು.

ಈಗೀಗ ಬಾಯಿಗೇ ಮರೆವು. ಮಗನನ್ನು ಒಮ್ಮೆ ಅಣ್ಣ ಎನ್ನುತ್ತಾರೆ, ಒಮ್ಮೆ ಕರೆಂಟು ಬಿಲ್ಲಿನವನು ಎನ್ನುತ್ತಾರೆ. ತಿಂಗಳ ಮೊದಲ ಶುಕ್ರವಾರ ಪಾದ್ರಿಗಳು ಕಾಯಿಲೆಯವರ ಮನೆಗೆ ಪರಮಪ್ರಸಾದ ತರುತ್ತಾರೆ. ಅದಕ್ಕೆ ಮೊದಲು ಕುಮ್ಸಾರ್, ಅಂದರೆ ಪಾಪನಿವೇದನೆ. ಅದೊಂದು ಮಾತ್ರ ಬಾಯಿಗೆ ಮರೆತಿಲ್ಲ. ಕಳೆದ ತಿಂಗಳು ಪಾದ್ರಿಗಳು ಬರುವುದು ತಡವಾಯಿತು. ಹೆರಾಲ್ಡ್ ಮೇಜಿಗೆ ಬಟ್ಟೆ ಹಾಸಿ, ಮೊಂಬತ್ತಿ ಹಚ್ಚಿ, ತಾಯಿಯ ಹಾಸಿಗೆಯ ಪಕ್ಕ ಕುಳಿತಿದ್ದ. ಬಿಳಿ ಅಂಗಿ ಹಾಕಿದ್ದ. ನಾನು ಗಂಜಿ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಬಾಯಿ ಶಿಲುಬೆಯ ಗುರುತು ಹಾಕಿಕೊಂಡು ಅವನೆದುರು ಕೊಂಕಣಿಯಲ್ಲಿ ಶುರುಮಾಡಿಯೇ ಬಿಟ್ಟರು. ಇಷ್ಟು ವರ್ಷದ ನೆರೆಯವಳು ನಾನು, ನನಗೆ ಎಲ್ಲ ಅರ್ಥವಾಗುತ್ತದೆ.

“ಫಾದರ್, ನನಗೊಬ್ಬ ಮಗ ಇದ್ದಾನೆ. ಸೆಮಿನರಿ ಬಿಟ್ಟು ಬಂದ ದಿನ, ಹೀಗೆ ಬರುವುದಕ್ಕಿಂತ ಅವನ ಹೆಣ ಬಂದಿದ್ದರೆ ಒಳ್ಳೆಯದಿತ್ತು ಅಂತ ದೇವರಲ್ಲಿ ಹೇಳಿದೆ.”

ತಡೆಯಲೆಂದು ಎತ್ತಿದ ಹೆರಾಲ್ಡನ ಕೈ ಹಾಗೇ ನಿಂತಿತು. ಪಾದ್ರಿಯಲ್ಲದವನು ಪಾಪಕ್ಕೆ ಕ್ಷಮೆ ಕೊಡುವಂತಿಲ್ಲ, ಹಾಗೆ ನಟಿಸುವುದೂ ಅವರಲ್ಲಿ ದೊಡ್ಡ ಅಪರಾಧ. ಬಾಯಿಯೋ ತಲೆ ತಗ್ಗಿಸಿ ಕಾಯುತ್ತಿದ್ದರು.

“ದೇವರ ಕ್ಷಮೆ ಕೊಡಲಿಕ್ಕೆ ಈಗ ಫಾದರ್ ಬರ್ತಾರೆ ಬಾಯೇ,” ಎಂದ ಕೊನೆಗೆ. “ಆದರೆ ನಿಮ್ಮ ಮಗನಿಗೆ ನಿಮ್ಮ ಮೇಲೆ ತುಂಬ ಪ್ರೀತಿ ಉಂಟು.”

ಬಾಯಿ ಗಾಬರಿಯಿಂದ ಅವನ ಕೈ ಹಿಡಿದುಕೊಂಡರು. “ನಾನು ಹೀಗೆ ಹೇಳಿದ್ದು ಅವನಿಗೆ ಗೊತ್ತಾಗಬಾರದು ಫಾದರ್. ಪಾಪ ಅವನು, ಸಹಿಸಲಿಕ್ಕಿಲ್ಲ.”

“ಇಲ್ಲ,” ಎಂದ ಹೆರಾಲ್ಡ್, “ಅವನಿಗೆ ಹೇಳುವುದಿಲ್ಲ.”