ಕ್ಷಮೆ ಕೇಳದ ಗಂಗಲಕ್ಷ್ಮಮ್ಮ

ಗಂಗಲಕ್ಷ್ಮಮ್ಮ ಸತ್ತದ್ದು ಟೀವಿಯಲ್ಲಿ, ಒಂದು ಸೋಮವಾರ ಸಂಜೆ. ಧಾರಾವಾಹಿಯ ಮನೆಯ ಗೋಡೆ ಮೇಲೆ ಅವರ ಫೋಟೋ ನೇತುಹಾಕಿ, ಗಂಧದ ಹಾರ ಹಾಕಿ, ಮುಂದೆ ದೀಪ ಹಚ್ಚಿಟ್ಟಿದ್ದರು. ಸೊಸೆಯ ಪಾತ್ರದ ಹುಡುಗಿ, "ಕಾಶಿಗೆ ಹೋದ ಅಜ್ಜಿ ಅಲ್ಲೇ ತೀರಿಕೊಂಡ್ರಂತೆ" ಎಂದು ಕಣ್ಣೊರೆಸಿಕೊಂಡಳು. ತ್ಯಾಮಗೊಂಡ್ಲಿನ ತಮ್ಮ ಮನೆಯಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದ ಗಂಗಲಕ್ಷ್ಮಮ್ಮ ಅದನ್ನು ಕೊನೆತನಕ ನೋಡಿದರು.

ಪಕ್ಕದ ಮನೆಯ ಮಾರಕ್ಕ ಓಡಿಬಂದಳು. "ಇದೇನಕ್ಕಾ, ಬದುಕಿರೋರ ಫೋಟೋಗೆ ಹಾರ ಹಾಕವ್ರೆ!"

"ಹಾಕವ್ರೆ, ನೋಡ್ದೆ. ನನಗೊಂದು ಮಾತೂ ಹೇಳ್ಲಿಲ್ಲ."

ಅವರು ನಟಿಯಾದದ್ದೇ ಆಕಸ್ಮಿಕ. ಹಿಂದೊಮ್ಮೆ ಊರಿನ ದೊಡ್ಡ ತೊಟ್ಟಿಮನೆಯಲ್ಲಿ ಶೂಟಿಂಗ್ ನಡೆಯುತ್ತಿದ್ದಾಗ, ಸಾವಿನ ಮನೆಯಲ್ಲಿ ಅಳಬೇಕಿದ್ದ ಹೆಂಗಸು ಬಂದಿರಲಿಲ್ಲ. ನೋಡಲು ನಿಂತಿದ್ದ ಗಂಗಲಕ್ಷ್ಮಮ್ಮನನ್ನು ನಿರ್ದೇಶಕರು, "ನೀವು ಅಳ್ತೀರೇನಮ್ಮ?" ಎಂದು ಕೇಳಿದರು. "ಸತ್ತೋರು ನನಗೆ ಏನಾಗ್ಬೇಕು, ಅದನ್ನ ಹೇಳಿ ಮೊದ್ಲು" ಅಂದರಂತೆ. ಅಣ್ಣ ಆಗಬೇಕು ಎಂದ ಮೇಲೆ ಅವರು ಅತ್ತ ಅಳು ನೋಡಿ, ಕ್ಯಾಮೆರಾ ಹಿಂದಿದ್ದವರೂ ಮೂಗು ಸೀಟಿಕೊಂಡರು. ಅಲ್ಲಿಂದ ಮುಂದೆ ಅತ್ತೆ, ಅಜ್ಜಿ, ಕೆಲಸದಾಕೆ, ಸೂಲಗಿತ್ತಿ, ಯಾವ ಪಾತ್ರ ಬಂದರೂ ಮಾಡಿದರು. ಗಂಡ ಪಿಳ್ಳಪ್ಪ ಬೆಳಿಗ್ಗೆ ಸ್ಕೂಟರಿನಲ್ಲಿ ನೆಲಮಂಗಲದ ಬಸ್ಸಿಗೆ ಬಿಡುವುದು, ಸಂಜೆ ಕರೆದುಕೊಂಡು ಬರುವುದು ವರ್ಷಗಟ್ಟಲೆ ನಡೆಯಿತು.

ಹಾರ ಬೀಳುವುದಕ್ಕೆ ಕಾರಣವಾದದ್ದು ಒಂದು ಸಭೆ. ಊರಿಗೆ ಹತ್ತಿರದ ಗುಡ್ಡದಲ್ಲಿ ಕಲ್ಲು ಕ್ವಾರಿ ಇತ್ತು. ಅದನ್ನು ಇನ್ನೂ ದೊಡ್ಡದು ಮಾಡಲು ಅನುಮತಿ ಕೇಳಿದ್ದರು. ಮಾಲೀಕ ದೊಡ್ಡಮುನಿಯಪ್ಪ ಆ ಭಾಗದ ರಾಜಕೀಯ ಮುಖಂಡ. ಅವನೆದುರು ಬಾಯಿ ಬಿಡುವವರೇ ಇರಲಿಲ್ಲ. ಊರವರ ಅಹವಾಲು ಕೇಳಲು ಅಧಿಕಾರಿಗಳು ಬಂದ ದಿನ, ಎಲ್ಲರೂ ನೆಲ ನೋಡುತ್ತ ಕೂತಿದ್ದಾಗ ಗಂಗಲಕ್ಷ್ಮಮ್ಮ ಮೈಕು ತೆಗೆದುಕೊಂಡರು.

"ಬಂಡೆ ಸಿಡಿಸ್ದಾಗೆಲ್ಲ ಅಂಗನವಾಡಿ ಗೋಡೆ ಬಿರುಕು ಬಿಡ್ತದೆ. ಮಕ್ಕಳನ್ನ ಹೊರಗೆ ಕೂರಿಸಿದ್ರೆ ಧೂಳು, ಒಳಗೆ ಕೂರಿಸಿದ್ರೆ ಭಯ. ಸ್ವಾಮಿ, ನೀವೇ ಹೇಳಿ, ಎಲ್ಲಿ ಕೂರಿಸೋದು?"

ಟೀವಿ ಅಜ್ಜಿಯ ಮಾತು ಮೊಬೈಲಿನಿಂದ ಮೊಬೈಲಿಗೆ ಹಾರಿತು. ಕ್ವಾರಿಯ ಅನುಮತಿ ಅಲ್ಲೇ ನಿಂತಿತು. ಗಂಗಲಕ್ಷ್ಮಮ್ಮನ ಕೆಲಸವೂ ನಿಂತಿತು.

ಧಾರಾವಾಹಿಯ ಪ್ರೊಡಕ್ಷನ್ ಮ್ಯಾನೇಜರ್ ಮುನಿಕೃಷ್ಣ ಫೋಟೋಗೆ ಹಾರ ಹಾಕಿದ ಮೇಲೆ ತಲೆತಗ್ಗಿಸಿಕೊಂಡು ಮನೆಗೇ ಬಂದ. ಕಾಫಿ ಲೋಟ ಕೈಲಿ ಹಿಡಿದು, ಕುಡಿಯದೆ ಕೂತ.

"ಅಮ್ಮಾ, ಕಲಾವಿದರ ಒಕ್ಕೂಟದ ಅಧ್ಯಕ್ಷರು ನಮ್ಮನ್ನೆಲ್ಲ ಕೂರಿಸ್ಕೊಂಡು ಹೇಳಿದ್ರು, ನಿಮ್ಮನ್ನ ಯಾರೂ ಕರೀಬಾರ್ದು ಅಂತ. ಕರೆದ್ರೆ ಆ ಸೆಟ್ಟಿಗೆ ಲೈಟ್‌ನೋರಿಂದ ಹಿಡಿದು ಮೇಕಪ್‌ನೋರ್ತನಕ ಯಾರೂ ಬರಲ್ವಂತೆ. ದೊಡ್ಡಮುನಿಯಪ್ಪನವರ ಪಾರ್ಟಿಯಲ್ಲಿ ಅಧ್ಯಕ್ಷರಿಗೂ ಏನೋ ಸ್ಥಾನ ಬೇಕಾಗೈತೆ."

ಒಕ್ಕೂಟದ ಅಧ್ಯಕ್ಷ ಸುನಿಲ್‌ಕುಮಾರ್ ಕೂಡ ಒಂದು ದಿನ ಕಾರಿನಲ್ಲಿ ಬಂದ. ಬಹಳ ನಯವಾಗಿ ಮಾತಾಡಿದ. ಕ್ವಾರಿ ಬಗ್ಗೆ ಗೊತ್ತಿಲ್ಲದೆ ಮಾತಾಡಿದೆ, ಕ್ಷಮಿಸಿ ಎಂದು ಒಂದು ವಿಡಿಯೋ ಮಾಡಿಕೊಟ್ಟರೆ ಸಾಕಂತೆ. ಕಾಶಿಯಲ್ಲಿ ಸತ್ತದ್ದು ಬೇರೆ ಅಜ್ಜಿ ಎಂದು ಕತೆ ತಿರುಗಿಸಿ, ಮತ್ತೆ ಕರೆಸಿಕೊಳ್ಳುತ್ತಾರಂತೆ.

"ಬಿರುಕು ಬಿಟ್ಟಿರೋದು ನಿಜ ಕಣಪ್ಪಾ. ಬಾ, ತೋರಿಸ್ತೀನಿ. ಅದನ್ನ ನೋಡಿದ್ಮೇಲೂ ಕ್ಷಮೆ ಕೇಳು ಅಂತೀಯಾ?"

ಅವನು ಎದ್ದು ಹೋದ.

ಅಂದು ಪಿಳ್ಳಪ್ಪ ಹೆಂಡತಿ ಮೇಲೆ ರೇಗಿದರು. "ನಿನಗ್ಯಾಕೆ ಬೇಕಿತ್ತಮ್ಮೀ? ಇಡೀ ಊರು ಬಾಯಿ ಮುಚ್ಕೊಂಡಿತ್ತು."

"ಅದಕ್ಕೇ ಮಾತಾಡಿದ್ದು ಕಣ್ರೀ." ಆಮೇಲೆ ಸಣ್ಣ ದನಿಯಲ್ಲಿ, "ನನಗೆ ಆ ಕೆಲಸ ಅಂದ್ರೆ ಇಷ್ಟ. ಕಸಿದ್ಕೊಂಬಿಟ್ರಲ್ಲ" ಎಂದರು. ಪಿಳ್ಳಪ್ಪ ಮತ್ತೆ ಆ ಮಾತು ಎತ್ತಲಿಲ್ಲ. ಮಾರನೆಯ ಬೆಳಿಗ್ಗೆ ಅವರೇ ಸ್ಕೂಟರ್ ಒರೆಸಿ, "ಹತ್ತು. ವಕೀಲರ ಹತ್ರ ಹೋಗ್ಬರೋಣ" ಅಂದರು.

ನೆಲಮಂಗಲದ ವಕೀಲೆ ಮಮತ ಎಲ್ಲ ಕೇಳಿಕೊಂಡು, "ಒಬ್ಬರ ಹೊಟ್ಟೆಪಾಡು ಕಿತ್ಕೊಳ್ಳೋ ಅಧಿಕಾರ ಯಾವ ಒಕ್ಕೂಟಕ್ಕೂ ಇಲ್ಲ, ನಿಜ. ಆದ್ರೆ ಬಹಿಷ್ಕಾರ ಬಾಯಿಮಾತಿಂದು. ಸಾಕ್ಷಿ ಬೇಕು. ಯಾರು ಬರ್ತಾರೆ?" ಎಂದರು.

ಜೊತೆಗೆ ನಟಿಸಿದವರಿಗೆಲ್ಲ ಗಂಗಲಕ್ಷ್ಮಮ್ಮ ಫೋನು ಮಾಡಿದರು. ಕೆಲವರು ಎತ್ತಲಿಲ್ಲ. ಒಬ್ಬಾಕೆ ಅತ್ತುಬಿಟ್ಟಳು, ಬರುತ್ತೇನೆ ಎನ್ನಲಿಲ್ಲ. ಬರುತ್ತೇನೆ ಎಂದವನು ಮುನಿಕೃಷ್ಣ ಒಬ್ಬನೇ.

ನೆಲಮಂಗಲದ ಕೋರ್ಟಿನಲ್ಲಿ ದಾವೆ ಬಿತ್ತು. ಬಹಿಷ್ಕಾರವೇ ಇಲ್ಲ, ವಯಸ್ಸಾದ ನಟಿಗೆ ಪಾತ್ರ ಸಿಗದಿದ್ದರೆ ನಾವೇನು ಮಾಡೋಣ ಎಂದು ಒಕ್ಕೂಟ ಉತ್ತರ ಕೊಟ್ಟಿತು. ವಾಯಿದೆ ಮೇಲೆ ವಾಯಿದೆ ಬಿತ್ತು. ಕೋರ್ಟಿನ ಆವರಣದಲ್ಲಿ ಜನ ಅವರನ್ನು ಗುರುತಿಸಿ, "ಅಯ್ಯೋ, ನೀವು ಸತ್ತೋಗಿದ್ರಲ್ಲ!" ಅನ್ನುತ್ತಿದ್ದರು. "ಅದನ್ನೇ ಕೇಳೋಕೆ ಬಂದಿದೀನಿ" ಎಂದು ಅವರು ನಡೆಯುತ್ತಿದ್ದರು.

ಸಾಕ್ಷಿಕಟ್ಟೆಯಲ್ಲಿ ಮುನಿಕೃಷ್ಣ ಕಂಡದ್ದು ಕಂಡಂತೆ ಹೇಳಿದ. ಸುನಿಲ್‌ಕುಮಾರನ ಮುಖ ನೋಡದೆ, ನ್ಯಾಯಾಧೀಶರನ್ನೇ ನೋಡಿಕೊಂಡು ಹೇಳಿದ. ಅವನ ಕೆಲಸವೂ ಹೋಯಿತು.

ಗಂಗಲಕ್ಷ್ಮಮ್ಮನ ಸರದಿ ಬಂದಾಗ ಒಕ್ಕೂಟದ ವಕೀಲರು ನಗುತ್ತ ಎದ್ದರು. "ಅಳೋದು ನಿಮ್ಮ ಕಸುಬು. ಇಲ್ಲಿ ಬಂದು ಹೇಳ್ತಾ ಇರೋದೂ ನಾಟಕವೇ, ಅಲ್ವಾ?"

"ಸ್ವಾಮಿ, ಈ ಕೋರ್ಟಿಗೆ ಇಷ್ಟು ಸಲ ಬಂದಿದೀನಿ. ನಾನು ಅತ್ತಿದ್ದನ್ನ ನೀವು ಒಂದ್ಸಲನಾದ್ರೂ ನೋಡಿದೀರಾ?"

ವಕೀಲರು ಕಡತ ತಿರುವಿಹಾಕಿದರು.

"ಕಲಾವಿದೆಯಾಗಿದ್ದು ರಾಜಕೀಯ ಯಾಕೆ ಮಾತಾಡಿದ್ರಿ?"

"ಅಂಗನವಾಡಿ ಗೋಡೆ ಬಗ್ಗೆ ಮಾತಾಡ್ದೆ. ಅದು ರಾಜಕೀಯ ಅಂತ ನೀವೇ ಈಗ ಹೇಳಿದ್ರಿ. ಹಂಗಾದ್ರೆ ನನ್ನ ಕೆಲಸ ಯಾಕೆ ಹೋಯ್ತು ಅನ್ನೋದನ್ನೂ ನೀವೇ ಹೇಳ್ದಂಗಾಯ್ತು."

ಮಮತ ತಲೆ ಬಗ್ಗಿಸಿ ನಗು ಅಡಗಿಸಿಕೊಂಡರು. ಸುನಿಲ್‌ಕುಮಾರನ ಸರದಿಯಲ್ಲಿ ಅವರು ಕೇಳಿದ್ದು ಸಣ್ಣ ಪ್ರಶ್ನೆ. "ಬಹಿಷ್ಕಾರ ಇಲ್ಲ ಅಂತೀರಿ. ನಾಳೆ ಯಾರಾದ್ರೂ ಇವರನ್ನ ಪಾತ್ರಕ್ಕೆ ಕರೆದ್ರೆ ನಿಮ್ಮದೇನೂ ಅಡ್ಡಿ ಇಲ್ಲ ತಾನೆ?"

ಅವನು ತನ್ನ ವಕೀಲರನ್ನು ನೋಡಿದ. "ಇಲ್ಲ."

"ಅದನ್ನ ನಿಮ್ಮ ಸದಸ್ಯರೆಲ್ಲರಿಗೂ ತಿಳಿಸಿದೀರಾ?"

ಅವನು ನೀರು ಕೇಳಿದ.

ತೀರ್ಪು ಬಂದ ದಿನ ಕೋರ್ಟು ಹಾಲ್ ತುಂಬಿತ್ತು. ಮಾತಾಡಿದ್ದಕ್ಕೆ ಶಿಕ್ಷೆಯಾಗಿ ಯಾರ ದುಡಿಮೆಯನ್ನೂ ತಡೆಯುವ ಹಕ್ಕು ಒಕ್ಕೂಟಕ್ಕಿಲ್ಲ, ಗಂಗಲಕ್ಷ್ಮಮ್ಮನಿಗೆ ಕೆಲಸ ಕೊಡುವವರಿಗೆ ಅಡ್ಡಿ ಮಾಡಕೂಡದು, ಇದನ್ನು ಸದಸ್ಯರಿಗೆಲ್ಲ ಲಿಖಿತವಾಗಿ ತಿಳಿಸಬೇಕು ಎಂದು ನ್ಯಾಯಾಧೀಶರು ಓದಿದರು. ಹೊರಗೆ ಬಂದ ಗಂಗಲಕ್ಷ್ಮಮ್ಮ ಮೆಟ್ಟಿಲ ಮೇಲೆ ಕೂತುಬಿಟ್ಟರು. ಪಿಳ್ಳಪ್ಪ ಎಳನೀರು ತಂದುಕೊಟ್ಟರು.

ತೀರ್ಪಾದ ಮಾತ್ರಕ್ಕೆ ಎಲ್ಲರೂ ಕರೆದರೆಂದಲ್ಲ. ಹಳೆಯ ಧಾರಾವಾಹಿಯವರು ಇವತ್ತಿಗೂ ಫೋನು ಮಾಡಿಲ್ಲ. ಹೊಸದಾಗಿ ಧಾರಾವಾಹಿ ಶುರುಮಾಡಿದ ಒಬ್ಬರು ಧೈರ್ಯ ಮಾಡಿ ಕರೆದರು. ಪಂಚಾಯ್ತಿಯಲ್ಲಿ ಗಂಡಸರ ಬೆವರಿಳಿಸುವ ಮುದುಕಿಯ ಪಾತ್ರ. ಮೊದಲ ದಿನ ಸೆಟ್ಟಿಗೆ ಲೈಟಿನವರೂ ಬಂದರು, ಮೇಕಪ್ಪಿನವಳೂ ಬಂದಳು. ಮುನಿಕೃಷ್ಣನನ್ನೂ ಕರೆಸಿಕೊಳ್ಳಿ ಎಂದು ಗಂಗಲಕ್ಷ್ಮಮ್ಮ ಹೇಳಿ ನೋಡಿದರು. ಅವನು ಆಗಲೇ ದಾಬಸ್‌ಪೇಟೆಯ ಗೋಡೌನ್ ಒಂದರಲ್ಲಿ ಸೂಪರ್‌ವೈಸರ್ ಆಗಿದ್ದ. "ಬೇಡಮ್ಮ, ಇಲ್ಲಿ ಭಾನುವಾರ ರಜೆ ಕೊಡ್ತಾರೆ" ಎಂದ. ತನಗಾಗಿ ಅವನ ಕೆಲಸ ಹೋದದ್ದು ಅವರಿಗೆ ಈಗಲೂ ಚುಚ್ಚುತ್ತದೆ.

ಒಕ್ಕೂಟ ಮೇಲಿನ ಕೋರ್ಟಿಗೆ ಹೋಗಿದೆ. ಸುದ್ದಿ ತಿಳಿಸಲು ಮಮತ ಫೋನು ಮಾಡಿದಾಗ ಗಂಗಲಕ್ಷ್ಮಮ್ಮ ಮುದುಕಿಯ ವೇಷದಲ್ಲಿ ಶಾಟಿಗೆ ಕಾಯುತ್ತಿದ್ದರು.

"ಭಯ ಆಗ್ತಿದೆಯಾ ಅಮ್ಮಾ?"

"ಹೋಗ್ಲಿ ಬಿಡವ್ವ, ನಾವೂ ಹೋಗೋಣ. ವಾಯಿದೆ ಮಾತ್ರ ಮೊದ್ಲೇ ಹೇಳ್ಬಿಡು. ಶೂಟಿಂಗ್ ಡೇಟು ಅವತ್ತಿಗೆ ಕೊಡಲ್ಲ."